ಸರಸುವಿನ ಸೊಂಡಿಲಲ್ಲಿ ನಮ್ಮ ಬೋರ್ಡು

ಗೆಳೆಯರೇ, ಚೆಟ್ಟಳ್ಳಿ ಕಡೆಯ ನಮ್ಮ ಆನೆಧಾಮದ ಹೊಸ ಬೋರ್ಡು ಇವತ್ತು ಒಂದು ಗಂಟೆಯೂ ಬಾಳಲಿಲ್ಲ.

"ಇಲ್ಲಿರುವುದೆಲ್ಲ ದುಡಿದು ನಿವೃತ್ತವಾದ ಆನೆಗಳು. ಇವುಗಳಿಂದ ಕೆಲಸ ಮಾಡಿಸುವುದಿಲ್ಲ" ಎಂದು ನಾನೇ ಬರೆಸಿ, ಮರದ ದಿಮ್ಮಿಯೊಂದಕ್ಕೆ ಮೊಳೆ ಹೊಡೆಸಿ, ಗೇಟಿನ ಬಳಿ ನೆಡಿಸಿದ್ದೆ. ಮೈಸೂರಿನಿಂದ ಬಂದ ಮೇಡಂ ಒಬ್ಬರು ಅದನ್ನು ಓದಿದರು. ಆದರೆ ಗೇಟಿನ ಬಳಿ ಅಲ್ಲ, ಸರಸುವಿನ ಸೊಂಡಿಲಲ್ಲಿ! ಆಯುಸ್ಸೆಲ್ಲ ಕಾಡಿನಲ್ಲಿ ಮರ ಎಳೆದ ನಮ್ಮ ಸರಸು ಅದನ್ನು ಬುಡಸಮೇತ ಕಿತ್ತು ಹೊತ್ತೊಯ್ಯುತ್ತಿದ್ದಳು.

ಮೇಡಂ ಮೊಬೈಲ್ ತೆಗೆದರು. "ಏನ್ರೀ ಇದು? ಕೆಲ್ಸ ಮಾಡ್ಸಲ್ಲ ಅಂತ ಬರೆದಿರೋ ಬೋರ್ಡನ್ನೇ ಆನೆ ಹತ್ರ ಹೊರಿಸ್ತಿದ್ದೀರಾ? ಈ ವಿಡಿಯೋ ಹಾಕ್ತೀನಿ ನೋಡ್ತಿರಿ."

ನಾನು ಬೆವತುಹೋದೆ. ಮಾವುತ ಕರಿಯಣ್ಣ ಮಾತ್ರ ಎಲೆಅಡಿಕೆ ಜಗಿಯುತ್ತಲೇ ಇದ್ದ. "ನಾನೆಲ್ಲಿ ಹೇಳ್ದೆ ಅಕ್ಕಾ? ದಿಮ್ಮಿ ಕಂಡ್ರೆ ನಮ್ಮ ಸರಸು ಸುಮ್ನಿರಲ್ಲ. ಬೇಕಾದ್ರೆ ನೀವೇ ಬೇಡ ಅಂತ ಹೇಳಿ ನೋಡಿ."

ಮೇಡಂ ಹೇಳಿಯೂ ಬಿಟ್ಟರು. "ಬಿಡಮ್ಮಾ ಸರಸೂ, ನೀನು ರಿಟೈರ್ ಆಗಿದ್ದೀಯ!"

ಸರಸು ಕಿವಿ ಬೀಸಿದಳು. ಗಾಳಿಗೆ ಬಿದ್ದ ಮರಗಳನ್ನು ತಾನೇ ಪೇರಿಸಿಟ್ಟಿದ್ದ ಅಟ್ಟಿಯ ಮೇಲೆ ದಿಮ್ಮಿ ಇಟ್ಟು, ಹಣೆಯಿಂದ ತಳ್ಳಿ ತುದಿ ಸಮ ಮಾಡಿ, ನೇರವಾಗಿ ಮೇಡಂ ಮುಂದೆ ಬಂದು ಸೊಂಡಿಲು ಚಾಚಿದಳು.

"ಏನಂತೆ ಇವಳಿಗೆ?"

"ಕೆಲ್ಸ ಆಯ್ತಲ್ಲ, ಬೆಲ್ಲ ಕೇಳ್ತಾವ್ಳೆ. ನೀವು ಕೂಗಿದ್ರಲ್ಲ, ಮೇಸ್ತ್ರಿ ನೀವೇ ಅಂದ್ಕೊಂಡವ್ಳೆ" ಎಂದ ಕರಿಯಣ್ಣ, ಒಂದು ಅಚ್ಚು ಬೆಲ್ಲ ಅವರ ಕೈಗಿಟ್ಟ.

ಮೇಡಂ ಕೊಟ್ಟರು. ವಿಡಿಯೋ ಇನ್ನೂ ಎಲ್ಲೂ ಕಂಡಿಲ್ಲ.

ನೀವು ಬಂದರೆ ಬೋರ್ಡನ್ನು ಗೇಟಿನ ಬಳಿ ಹುಡುಕಬೇಡಿ. ಅಟ್ಟಿಯ ಮೇಲಿನ ಸಾಲಿನಲ್ಲೇ ಇದೆ, ಅಕ್ಷರ ಮಾತ್ರ ತಲೆಕೆಳಗು.