ಅತ್ತೆಯ ಬಟ್ಟೆ, ಸೊಸೈಟಿಯ ಹಿಮ

ಪುಣೆಯ ಹಡಪಸರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕ್ರೈಸ್ತರ ಮನೆಗಳು ಒಂದೆರಡೇ. ಕ್ರಿಸ್‌ಮಸ್ ದಿನ ಅವರು ಚರ್ಚಿಗೆ ಹೋಗಿ ಬಂದು, ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಊಟ ಮಾಡುತ್ತಾರೆ. ಗದ್ದಲವೆಲ್ಲ ಉಳಿದವರದು. ಗಣಪತಿಗೆ ಕಟ್ಟಿದ ದೀಪದ ಸರ, ದಾಂಡಿಯಾಕ್ಕೆ ತಂದ ಮೈಕು, ಎರಡಕ್ಕೂ ಓಡಾಡಿದ ಸಾಂಸ್ಕೃತಿಕ ಸಮಿತಿ, ಎಲ್ಲವೂ ಡಿಸೆಂಬರಿನಲ್ಲಿ ಕೆಂಪು ಟೋಪಿ ಹಾಕಿಕೊಂಡು ಮತ್ತೆ ಬರುತ್ತವೆ.

ಹೋದ ವರ್ಷ ಈ ಸಮಿತಿಗೆ ಇದ್ದಕ್ಕಿದ್ದಂತೆ ಪರಿಸರದ ಚಿಂತೆ ಹತ್ತಿತು. ಈ ಸಲ ಪ್ಲಾಸ್ಟಿಕ್ ಇಲ್ಲ, ಅಲಂಕಾರವೆಲ್ಲ ಮನೆಯ ಹಳೇ ಬಟ್ಟೆಯಿಂದಲೇ ಆಗಬೇಕು, ಚಾದರ, ದಿಂಬಿನ ಕವರು, ಪರದೆ, ಟವೆಲು, ಏನಾದರೂ ಸರಿ, ಪ್ರತಿ ಮನೆಯವರೂ ಕೊಡಬೇಕು ಎಂದು ಅಧ್ಯಕ್ಷೆ ವಾಟ್ಸಾಪಿನಲ್ಲಿ ಅಪ್ಪಣೆ ಹೊರಡಿಸಿದರು. ಎಲ್ಲಕ್ಕಿಂತ ಚೆಂದದ ಹಳೇ ಬಟ್ಟೆಗೆ ಬಹುಮಾನ. ಬಹುಮಾನ ಬಂದ ಮನೆಯವರು ಆ ಬಟ್ಟೆಯ ಕಥೆಯನ್ನು ಮೈಕಿನಲ್ಲಿ ಹೇಳಬೇಕು. ಈ ಅಧ್ಯಕ್ಷೆ ಗೇಟಿನ ಎದುರಿಗಿರುವ ಜಿಮ್ಮಿಗೆ ನಡೆಯಲೆಂದು ಕಾರಿನಲ್ಲಿ ಹೋಗುವವರು.

ತೊಂದರೆ ಏನೆಂದರೆ, ಯಾರ ಮನೆಯಲ್ಲೂ ಹಳೇ ಬಟ್ಟೆ ಇರಲಿಲ್ಲ. ಪರದೆಯ ಬಣ್ಣ ಬೇಜಾರಾದ ದಿನವೇ ಅದನ್ನು ತೆಗೆದುಹಾಕುವ ಜನ ನಾವು. ಹೀಗಾಗಿ ಹಳೇ ಬಟ್ಟೆಯ ಹಬ್ಬಕ್ಕೆಂದು ಎಲ್ಲರೂ ಪೇಟೆಗೆ ಹೋಗಿ ಹೊಸ ಚಾದರ ತಂದರು. ಮೇಲಿನ ಮನೆಯಾಕೆ, ಚಹಾದಲ್ಲಿ ನೆನೆಸಿದರೆ ಹಳೆಯದು ಕಾಣುತ್ತದೆಯೇ ಎಂದು ಲಿಫ್ಟಿನಲ್ಲಿ ನನ್ನನ್ನು ಗುಟ್ಟಾಗಿ ಕೇಳಿದಳು. ಏಲಕ್ಕಿ ಹಾಕಿದರೆ ಇನ್ನೂ ಹಳೆಯದು ಕಾಣುತ್ತದೆ ಎಂದು ಹೇಳಿ ಕಳಿಸಿದೆ.

ನಮ್ಮ ಮನೆಯ ಕಷ್ಟವೇ ಬೇರೆ. ಅಲ್ಲಿ ಹಳೆಯದಲ್ಲದ್ದೇ ಇಲ್ಲ. ಅತ್ತೆ ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವರು, ಗುಮಾಸ್ತರಾಗಿದ್ದ ಮಾವನವರ ಸಂಬಳದಲ್ಲಿ ಮನೆ ನಡೆಸಿದವರು. ಅವರ ಕೈಗೆ ಸಿಕ್ಕ ಬಟ್ಟೆಗೆ ಸುಲಭದಲ್ಲಿ ಮುಕ್ತಿ ಇಲ್ಲ. ಚಾದರ ನಡುವೆ ಸವೆದರೆ ಉದ್ದಕ್ಕೆ ಸೀಳಿ, ಅಂಚುಗಳನ್ನು ನಡುವೆ ತಂದು ಹೊಲಿಯುತ್ತಾರೆ. ಅದೂ ಸವೆದರೆ ದಿಂಬಿನ ಕವರು, ಆಮೇಲೆ ಮಿಕ್ಸರಿನ ಮುಸುಕು, ಕೊನೆಗೆ ಒಲೆ ಒರೆಸುವ ಅರಿವೆ. ನನ್ನ ಮದುವೆಗೆ ತವರಿನವರು ಕೊಟ್ಟ ಚಾದರ ನೆಲ ಒರೆಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದೇ ಒಂದು ಬಟ್ಟೆಯನ್ನು ಮಾತ್ರ ಅತ್ತೆ ಮುಟ್ಟಿರಲಿಲ್ಲ. ಮಾವನವರ ಜೊತೆ ಕಾಶಿಗೆ ಹೋದಾಗ ಗಂಗೆಯಲ್ಲಿ ಅದ್ದಿ, ಘಾಟಿನ ಮೇಲೆ ಒಣಗಿಸಿ ತಂದ ಬಿಳಿಯ ಮಗ್ಗದ ಬಟ್ಟೆ ಅದು. ಚಾದರದಷ್ಟೇ ಅಗಲ. ಮೂಲೆಯಲ್ಲಿ ಅರಿಷಿಣದ ಬೊಟ್ಟಿಟ್ಟು, ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದರು. “ನಾ ಹೋದ ಮ್ಯಾಲೆ ಇದನ್ನ ಹೊದಸ್ರಿ. ಪ್ಯಾಟ್ಯಾಗಿಂದು ತರಬ್ಯಾಡ್ರಿ, ಗಿರಣಿ ಸಿಕ್ಕಾ ಹೊಡದ ಅರಿವಿ ನನ್ನ ಮೈಮ್ಯಾಲೆ ಬ್ಯಾಡ” ಎಂದು ಆಗಾಗ ಹೇಳುತ್ತಿದ್ದರು. ಹಾಲು ಕಾಯಿಸಬೇಕು ಎನ್ನುವ ಧಾಟಿಯಲ್ಲೇ ಹೇಳುತ್ತಿದ್ದರು. ಅವರಿಗೆ ಈ ಜಗತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ. ನಾನು ಹೂಂ ಎನ್ನುತ್ತಿದ್ದೆ. ನನ್ನ ಗಂಡ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ “ಆತವ್ವಾ” ಎನ್ನುತ್ತಿದ್ದರು.

ಕ್ರಿಸ್‌ಮಸ್‌ನ ಹಿಂದಿನ ದಿನ ಸಮಿತಿಯವರು ಬಟ್ಟೆ ಕೇಳಲು ಬಂದಾಗ ನಾನು ಮಗರಪಟ್ಟಾದ ಆಫೀಸಿನಲ್ಲಿದ್ದೆ, ಅತ್ತೆ ಭಜನೆಗೆ ಹೋಗಿದ್ದರು. ಮನೆಯಲ್ಲಿ ಕೂತು ಕೆಲಸ ಮಾಡುವ ಯಜಮಾನರು ನನಗೆ ಫೋನು ಹಚ್ಚಿದರು. ತಮ್ಮ ಬನಿಯನ್ ಎಲ್ಲಿದೆ ಎನ್ನುವುದಕ್ಕೂ ಅವರು ನನಗೇ ಫೋನು ಹಚ್ಚುವವರು. “ಯಾವದರ ಹಳೇ ಚಾದರ ಕೊಟ್ಟ ಕಳಸ್ರಿ” ಎಂದು ಹೇಳಿ ಇಟ್ಟೆ. ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿನ ಮೇಲೆ ಹೊದಿಸಿದ್ದ ತೇಪೆಯ ಚಾದರ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ.

ಸಂಜೆ ಬಂದು ನೋಡಿದರೆ ಲಾಬಿಯ ತುಂಬ ಕ್ರಿಸ್‌ಮಸ್. ಹಸಿರು ಪರದೆಗಳನ್ನು ಸುತ್ತಿದ ಗಿಡ, ಕೆಂಪು ಟವೆಲಿನ ಹೊಟ್ಟೆಯ ಸಾಂತಾ, ದಿಂಬಿನ ಕವರುಗಳ ತೋರಣ. ಒಟ್ಟಾರೆ ಮಳೆಗಾಲದಲ್ಲಿ ಬಟ್ಟೆ ಒಣಹಾಕಿದ ಮನೆಯಂತೆ ಕಾಣುತ್ತಿತ್ತು. ಮೂಲೆಯಲ್ಲಿ ಗೋದಲಿ. ಹುಲ್ಲಿನ ಮೇಲೆ ಬಾಲಯೇಸುವಿನ ಗೊಂಬೆ, ಸುತ್ತ ಕುರಿಗಳು, ಅವುಗಳ ಕೆಳಗೆ ಹರಡಿದ ಹಿಮ. ಹಿಮದ ಮೂಲೆಯಲ್ಲಿ ಅರಿಷಿಣದ ಬೊಟ್ಟು.

ಲಾಬಿಯಲ್ಲೇ ನಿಂತು ಗಂಡನಿಗೆ ಫೋನು ಮಾಡಿದೆ.

“ಟ್ರಂಕಿನ್ಯಾಗಿನ ಬಿಳೇ ಅರಿವಿ ಕೊಟ್ರೇನು?”

“ಹೌದು. ಹಳೇದ ಕೊಡ್ರಿ ಅಂದಿದ್ದಿಯಲ್ಲಾ. ಅದಕ್ಕಿಂತ ಹಳೇದು ಮನ್ಯಾಗ ಏನದ?”

“ವಾಷಿಂಗ್ ಮಷೀನ್ ಮ್ಯಾಲಿಂದು?”

“ಅದು ದಿನಾ ಉಪಯೋಗ ಆಗ್ತದ. ಅದ್ಹೆಂಗ ಹಳೇದ ಆಗ್ತದ?”

ತರ್ಕದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಸಿಟ್ಟಿನಿಂದ ಫೋನು ಇಟ್ಟು ಅಧ್ಯಕ್ಷೆಯ ಬಳಿ ಹೋದೆ. ಬೇರೆ ಚಾದರ ತಂದುಕೊಡುತ್ತೇನೆ, ಇದನ್ನು ಬಿಡಿ ಎಂದು ಮರಾಠಿಯಲ್ಲಿ ಗೋಗರೆದೆ. ತಲೆಯ ಮೇಲೆ ಜಿಂಕೆ ಕೋಡು ಸಿಕ್ಕಿಸಿಕೊಂಡಿದ್ದ ಆಕೆ ನನ್ನ ಭುಜ ತಟ್ಟಿ, ಇಡೀ ಲಾಬಿಯಲ್ಲಿ ನಿಜವಾಗಿ ಹಳೆಯದು ಅದೊಂದೇ, ಬಹುಮಾನ ಅದಕ್ಕೇ ಎಂದರು. ಮೇಲೆ ಮಿಂಚಿನ ಪುಡಿಯನ್ನೂ ಉದುರಿಸಿ ಆಗಿತ್ತು. ಅದು ಯಾವ ಬಟ್ಟೆ ಎಂದು ಜಿಂಕೆಯ ಕೋಡಿನವರಿಗೆ ಹೇಗೆ ಹೇಳುವುದು? ಅತ್ತೆಯನ್ನು ಮನೆಯಲ್ಲೇ ಇರಿಸಿ, ಕಾರ್ಯಕ್ರಮ ಮುಗಿದ ಮೇಲೆ ಎತ್ತಿಕೊಂಡು ಹೋಗಿ ಟ್ರಂಕಿಗೆ ಸೇರಿಸಿಬಿಡೋಣ ಎಂದು ಲೆಕ್ಕ ಹಾಕಿದೆ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಅತ್ತೆ ಹೊರಬಂದರು. ಮೊಟ್ಟೆ ಹಾಕದ ಕೇಕು ಇದೆಯೆಂದು ಭಜನೆಯ ಗೆಳತಿಯರು ಕರೆದುಕೊಂಡು ಬಂದಿದ್ದರು. ಹಿಂದೆಯೇ ನನ್ನ ಗಂಡ. ಅವರು ಬಂದವರೇ ನೇರ ಕೇಕಿನ ಮೇಜಿನ ಬಳಿ ನಿಂತರು. ನಾನು ಅತ್ತೆಯ ಕೈ ಹಿಡಿಯುವಷ್ಟರಲ್ಲಿ ಮೈಕು ಗೊರಗೊರ ಎಂದು ನಮ್ಮ ಮನೆಯ ನಂಬರು ಕೂಗಿತು. ಅಧ್ಯಕ್ಷೆ ಅತ್ತೆಯನ್ನು ಗೋದಲಿಯ ಮುಂದೆ ನಿಲ್ಲಿಸಿ, “ಆಜಿ, ಈ ಬಟ್ಟೆಯ ಕಥೆ ಹೇಳಿ, ಮೊದಲು ಇದನ್ನು ಯಾವುದಕ್ಕೆ ಬಳಸುತ್ತಿದ್ದಿರಿ?” ಎಂದು ಮರಾಠಿಯಲ್ಲಿ ಕೇಳಿದರು.

ಅತ್ತೆ ಬಟ್ಟೆಯನ್ನು ನೋಡಿದರು. ಬಗ್ಗಿ ಅರಿಷಿಣದ ಬೊಟ್ಟನ್ನು ಮುಟ್ಟಿದರು. ನನಗೆ ನಿಂತ ನೆಲ ಬಾಯಿಬಿಟ್ಟರೆ ಸಾಕಿತ್ತು.

ಅವರ ಮರಾಠಿ ಎಂದರೆ ಮರಾಠಿಯ ಬಾಲ ಕಟ್ಟಿದ ಧಾರವಾಡದ ಕನ್ನಡ. ಅದರಲ್ಲೇ ನಿಧಾನವಾಗಿ ಹೇಳಿದರು: ಇದು ಕಾಶಿಯಿಂದ ತಂದದ್ದು. ಇನ್ನೂ ಬಳಸಿಲ್ಲ. ನಾನು ಸತ್ತ ಮೇಲೆ ನನಗೆ ಹೊದಿಸಲು ಇಟ್ಟುಕೊಂಡದ್ದು.

ಅರ್ಥವಾಗುವ ಮೊದಲೇ ಅಧ್ಯಕ್ಷೆ “ಕಿತೀ ಸುಂದರ್”, ಎಷ್ಟು ಚೆಂದ, ಎಂದುಬಿಟ್ಟಿದ್ದರು. ಅರ್ಥವಾದ ಮೇಲೆ ಬಾಯಿ ಹಾಗೇ ಉಳಿಯಿತು. ವಿಡಿಯೋ ತೆಗೆಯುತ್ತಿದ್ದವರ ಕೈಗಳು ಕೆಳಗಿಳಿದವು. ಕೇಕು ಬಾಯಿಗೆ ಇಟ್ಟಿದ್ದವರಿಗೆ ನುಂಗುವುದೋ ಬಿಡುವುದೋ ತಿಳಿಯಲಿಲ್ಲ. ಅಧ್ಯಕ್ಷೆ ಗಡಿಬಿಡಿಯಿಂದ ಕುರಿಗಳನ್ನು ಕಿತ್ತು ಬಟ್ಟೆ ಎಳೆಯಲು ಹೋದರು. ಅತ್ತೆ ಅವರ ಕೈ ಹಿಡಿದು, ಕೂಸು ಮಲಗಿದೆ, ಇರಲಿ, ಎಲ್ಲ ಮುಗಿದ ಮೇಲೆ ಕೊಡಿ, ಕತ್ತರಿ ಮಾತ್ರ ಹಚ್ಚಬೇಡಿ ಎಂದರು. ಆಮೇಲೆ ಕೇಕಿನ ಮೇಜಿನ ಕಡೆ ನೋಡಿದರು. ನನ್ನ ಗಂಡ ಎತ್ತಿಕೊಂಡಿದ್ದ ಕೇಕಿನ ತುಂಡನ್ನು ಮತ್ತೆ ತಟ್ಟೆಗೆ ಇಟ್ಟರು. ಎಷ್ಟೋ ವರ್ಷ ಮನೆಯಲ್ಲಿ ಹೇಳಿದ ಮಾತು ಅವರ ಕಿವಿಗೆ ಬಿದ್ದದ್ದು ಅಂದೇ, ಅದೂ ಮೈಕಿನಲ್ಲಿ, ಮರಾಠಿಯಲ್ಲಿ.

ಮನೆಗೆ ಬಂದ ಮೇಲೆ ಬಟ್ಟೆಯನ್ನು ನೆನೆಸಲು ಹೋದೆ. “ಒಗೀಬ್ಯಾಡ, ಗಂಗಾ ಹೋಗಿಬಿಡ್ತಾಳ” ಎಂದು ಅತ್ತೆ ತಡೆದರು. ಗಂಡ ನೆಲದ ಮೇಲೆ ಬಟ್ಟೆ ಹರವಿಕೊಂಡು ಕೂತು, ಮಿಂಚನ್ನು ಒಂದೊಂದೇ ಉಗುರಿನಿಂದ ಎತ್ತತೊಡಗಿದರು. ಎತ್ತಿದಷ್ಟೂ ಉಳಿಯುತ್ತಿತ್ತು.

“ಅವ್ವಾ, ನನಗ ಖರೇನ ಗೊತ್ತಿದ್ದಿಲ್ಲ” ಎಂದರು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗನ ಕೈ ನೋಡುತ್ತ, “ಮಿಂಚು ಇದ್ರ ಇರ್ಲಿ ಬಿಡು” ಎಂದರು. “ನಾ ಹೋದ ದಿನಾ ಈಕಿ ಆಫೀಸಿನ್ಯಾಗ ಇದ್ರ, ಯಾವ ಅರಿವಿ ಅಂತ ಕೇಳಾಕ ಫೋನ್ ಮಾಡಬ್ಯಾಡಪಾ.”