ತಾನಾಗಿ ಹೋದ ನೆಗಡಿ

ಆತನ ಕ್ಷೌರದಂಗಡಿಯಲ್ಲಿ ಮಾತಿಗೆ ಬರವಿರಲಿಲ್ಲ. ಗಿರಾಕಿಯ ಬಾಯಿ ನೊರೆಯಲ್ಲಿ ಮುಳುಗಿದ್ದಾಗ ಎದುರುತ್ತರ ಬರುವುದಿಲ್ಲವೆಂದೇ ಇನ್ನಷ್ಟು ಮಾತಾಡುತ್ತಿದ್ದ. ಪುಟ್ಟ ಮಗ ಕಾಯಿಲೆ ಬಿದ್ದ ಮೇಲೆ ಆ ಬಾಯಿಗೇ ಬೀಗ ಬಿತ್ತು.

ಮೊದಲ ಮಗಳು ಹಸುಗೂಸಾಗಿದ್ದಾಗಲೇ ನ್ಯುಮೋನಿಯಾದಲ್ಲಿ ತೀರಿಕೊಂಡಿದ್ದಳು. "ತಣ್ಣೀರಲ್ಲಿ ನೆಂದ ಕೈಯಲ್ಲೇ ಮಗು ಎತ್ಕೋತಿದ್ಲು" ಎಂದು ಅವನ ತಾಯಿ ಸೊಸೆಯನ್ನು ಚುಚ್ಚುತ್ತಲೇ ಇದ್ದಳು. ಈಗ ಮಗನಿಗೂ ಅದೇ ಕೆಮ್ಮು, ಬಾಯಿ ತುಂಬ ಬಿಳಿ ಹುಣ್ಣು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು: "ರೋಗದ ಜೊತೆ ಹೋರಾಡೋ ಜೀವಕೋಶ ಬೆಳೀಬೇಕಾದ್ರೆ, ಅದರೊಳಗಿನ ಡಿಎನ್‌ಎ ತನ್ನನ್ನ ತಾನೇ ಕತ್ತರಿಸ್ಕೊಂಡು ಹೊಸದಾಗಿ ಜೋಡಿಸ್ಕೋಬೇಕು. ಇವನಲ್ಲಿ ಕತ್ತರಿಸೋದು ಆಗತ್ತೆ, ಜೋಡಣೆ ಆಗಲ್ಲ. ಆ ಜೀವಕೋಶಗಳು ಬಲಿಯೋ ಮೊದಲೇ ಸಾಯ್ತವೆ. ಅಕ್ಕನಿಗೂ ಇದೇ ಇದ್ದಿರಬೇಕು."

"ತಣ್ಣೀರಿಂದ ಅಲ್ವಾ?" ಎಂದಳು ಅಜ್ಜಿ.

"ಅಲ್ಲಮ್ಮಾ. ದೋಷ ಇರೋ ಜೀನ್‌ನ ಒಂದು ಪ್ರತಿ ನಿಮ್ಮ ಸೊಸೆಯಿಂದ, ಇನ್ನೊಂದು ನಿಮ್ಮ ಮಗನಿಂದ. ಯಾರೂ ಬೇಕೂಂತ ಕೊಟ್ಟಿದ್ದಲ್ಲ."

ಸೊಸೆ ಅಳಲಿಲ್ಲ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅವಳತ್ತ ನೋಡಲು ಅತ್ತೆಗೆ ಮುಖವಿರಲಿಲ್ಲ.

ಆ ಜೀವಕೋಶಗಳು ಹುಟ್ಟುವ ಅಸ್ಥಿಮಜ್ಜೆಯನ್ನೇ ಬೇರೆಯವರಿಂದ ಪಡೆಯಬೇಕಿತ್ತು; ಅಪ್ಪನದು ಅರ್ಧ ಹೊಂದಿತು. ಅದನ್ನೇ ಮಗುವಿಗೆ ಕೊಟ್ಟರು. ಅದಕ್ಕೆ ಮುಂಚೆ, ಹಳೆಯ ಮಜ್ಜೆಯನ್ನು ತೆರವು ಮಾಡಲು ಕೊಡುವ ಕಟು ಔಷಧಿಯನ್ನೂ ಅಳೆದು ತೂಗಿಯೇ ಹಾಕಿದರು. ಅದರ ಪೆಟ್ಟು ತಿಂದು ಚೇತರಿಸಿಕೊಳ್ಳುವ ಶಕ್ತಿ ಆ ಪುಟ್ಟ ಮೈಗಿರಲಿಲ್ಲ.

ಮನೆಗೆ ಬಂದ ಮೇಲೂ ಕಾವಲು ತಪ್ಪಲಿಲ್ಲ. ಊರವರ ಕೂದಲೆಲ್ಲ ಮೈಗಂಟಿಸಿಕೊಂಡು ಬರುವ ಆತ, ಹಿತ್ತಲಲ್ಲೇ ಬಟ್ಟೆ ಕಳಚಿ ಸ್ನಾನ ಮಾಡಿ ಒಳಗೆ ಬರುತ್ತಿದ್ದ. ಹೆಂಡತಿ ಮಾಸ್ಕ್ ಕಟ್ಟಿಕೊಂಡೇ ಲಾಲಿ ಹಾಡುತ್ತಿದ್ದಳು. ಅಜ್ಜಿ ಮಗುವಿನ ಪಾತ್ರೆಗಳನ್ನು ನೀರಲ್ಲಿ ಕುದಿಸುತ್ತಿದ್ದಳು. ಒಮ್ಮೆ ಗಿರಾಕಿ ಬಂದರೆ, ಕ್ಷೌರದ ಕುರ್ಚಿಯಲ್ಲಿ ಕ್ಷೌರಿಕನೇ ಗೊರಕೆ ಹೊಡೆಯುತ್ತಿದ್ದ.

ವರ್ಷ ಕಳೆಯಿತು. ರಕ್ತಪರೀಕ್ಷೆಯಲ್ಲಿ ಹೊಸ ಜೀವಕೋಶಗಳು ಕಂಡವು. ಆದರೂ ಯಾರಿಗೂ ನಂಬಿಕೆಯಿಲ್ಲ. ಆಮೇಲೊಂದು ದಿನ ಮಗುವಿನ ಮೂಗು ಸೋರತೊಡಗಿತು. ಮೂವರೂ ಆಸ್ಪತ್ರೆಗೆ ಓಡಿದರೆ ಡಾಕ್ಟರಮ್ಮ ಎದೆ ಪರೀಕ್ಷಿಸಿ, "ಜ್ವರ ಬಂದ್ರೆ ತಕ್ಷಣ ಬನ್ನಿ. ಈಗ ಕಾದು ನೋಡೋಣ" ಎಂದರು.

ಕಾದರು. ಜ್ವರ ಬರಲಿಲ್ಲ. ವಾರ ತುಂಬುವಷ್ಟರಲ್ಲಿ ಮಗು ಹಸಿವಿಗೆ ರಚ್ಚೆ ಹಿಡಿಯಿತು.

"ಹೋಯ್ತು ಅನ್ಸತ್ತೆ" ಎಂದಳು ಹೆಂಡತಿ.

"ಏನು?"

"ನೆಗಡಿ ಕಣ್ರೀ. ತಾನಾಗೇ ಹೋಯ್ತು."

ಆತ ತಲೆಯಾಡಿಸಿದ. ಕುಣಿದಾಡಲು ಮೈಯಲ್ಲಿ ತ್ರಾಣವಿರಲಿಲ್ಲ. ಅಜ್ಜಿ ಬಂದು ಕೈ ಚಾಚಿದಳು. "ಕೊಡಮ್ಮಾ ಇಲ್ಲಿ. ನೀನು ಹೋಗಿ ಮಲ್ಕೋ. ಅಷ್ಟೆಲ್ಲ ಅನ್ನಬಾರ್ದಿತ್ತು ನಾನು."

ಸೊಸೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಹಾಡುಹಗಲಲ್ಲೇ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.