ಮೇಡಂ ಹೇಳದ ಮಾತು

ನನ್ನ ತಂಗಿಯ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದವನು ನಾನು. ಅವಳಿಗೆ ತಿಳಿಯದಂತೆ ನಿಲ್ಲಿಸಿದೆ — ನಿಲ್ಲಿಸಿ, ಅದನ್ನು ಚಿಕಿತ್ಸೆ ಕೊಡುತ್ತಿದ್ದವರ ತಲೆಗೆ ಕಟ್ಟಿದೆ. ಎಂಟು ವರ್ಷ ಅದು ತಪ್ಪೆಂದು ಕೂಡ ನನಗೆ ಅನಿಸಲಿಲ್ಲ. ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ. "ಹೆಸರು ಮಾತ್ರ ಬದಲಿಸು" ಎಂದಳು. ಆದ್ದರಿಂದ ಇಲ್ಲಿ ಅವಳು ಸುಪ್ರೀತಾ.

ಬಿಕರ್ನಕಟ್ಟೆಯಲ್ಲಿ ನನ್ನದೊಂದು ಚಿಕ್ಕ ಹೋಟೆಲಿದೆ. ಅಪ್ಪ ಬೇಗ ತೀರಿಕೊಂಡ ಮೇಲೆ ಹೋಟೆಲನ್ನೂ ತಂಗಿಯನ್ನೂ ನೋಡಿಕೊಂಡವನು ನಾನೇ. ಅವಳು ಬಿ.ಎಡ್. ಓದುತ್ತಿದ್ದಾಗ ಕುಲಶೇಖರದ ಲವೀನಾ ಎಂಬ ಹುಡುಗಿ ಅವಳ ಜೀವದ ಗೆಳತಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಒಂದು ಸಂಜೆ ಪಡೀಲಿನ ಆಚೆ ಆ ಬಸ್ಸು ಮಗುಚಿತು. ಸುಪ್ರೀತಾಳ ಭುಜದ ಎಲುಬು ಮುರಿಯಿತು. ಲವೀನಾ ಬದುಕಲಿಲ್ಲ.

ಎಲುಬು ಕೂಡಿಕೊಂಡಿತು. ಆದರೆ ಅವಳು — ಹೇಗೆ ಹೇಳಲಿ — ನಮ್ಮ ಮನೆಯಲ್ಲಿದ್ದೂ ಮನೆಯಲ್ಲಿರಲಿಲ್ಲ. ರಸ್ತೆಯಲ್ಲಿ ಬ್ರೇಕ್ ಸದ್ದಾದರೆ ಕೈಯಲ್ಲಿದ್ದ ತಟ್ಟೆ ಬೀಳುತ್ತಿತ್ತು. ನಿದ್ದೆಯಲ್ಲಿ ಕಿರುಚುತ್ತಿದ್ದಳು. ಬಸ್ಸಿನ ಹೆಸರೆತ್ತಿದರೆ ವಾಂತಿ. ಅಮ್ಮ ದೈವಕ್ಕೆ ಹರಕೆ ಹೇಳಿಕೊಂಡಳು. ನಾನು "ಧೈರ್ಯ ಮಾಡು, ಎಲ್ಲ ಮರೆತುಬಿಡು" ಎಂದು ದಿನವೂ ಹೇಳುತ್ತಿದ್ದೆ, ಮರೆಯುವುದು ಅವಳ ಕೈಯಲ್ಲಿದ್ದ ಹಾಗೆ. ಕೊನೆಗೆ ಭುಜ ನೋಡುತ್ತಿದ್ದ ಡಾಕ್ಟರೇ ಬೆಂದೂರಿನ ಹತ್ತಿರ ಒಬ್ಬ ಥೆರಪಿಸ್ಟ್ ಇದ್ದಾರೆಂದು ಹೇಳಿ ಕಳಿಸಿದರು. ನಡುವಯಸ್ಸಿನ ಹೆಂಗಸು, ಮೆಲ್ಲನೆ ಮಾತಾಡುವವರು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು.

ವಾರವಾರ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಳಗೆ ಎಂತ ಮಾತಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ; ಹೊರಗೆ ಆಗುತ್ತಿದ್ದುದು ಕಾಣುತ್ತಿತ್ತು. ಮೊದಲು ನಿದ್ದೆ ಬಂತು. ಆಮೇಲೆ ಮೇಡಂ ಒಂದೊಂದೇ ಕೆಲಸ ಕೊಡತೊಡಗಿದರು — ಬಸ್‌ಸ್ಟಾಪಿನಲ್ಲಿ ಸುಮ್ಮನೆ ನಿಲ್ಲುವುದು, ನಿಂತ ಬಸ್ಸಿಗೆ ಹತ್ತಿ ಇಳಿಯುವುದು. ಎದೆ ಹೊಡೆದುಕೊಂಡಾಗ ಅವಳು ಚಪ್ಪಲಿ ಕಳಚಿ ಪಾದಗಳನ್ನು ನೆಲಕ್ಕೆ ಒತ್ತಿ, ಎದುರಿಗೆ ಕಂಡದ್ದನ್ನೆಲ್ಲ ಮೆಲ್ಲಗೆ ಹೆಸರಿಸುತ್ತಿದ್ದಳು: ಕಂಬ, ಹಣ್ಣಿನ ಅಂಗಡಿ, ನೀಲಿ ಛತ್ರಿ. ಒಂದು ದಿನ ಬಿಕರ್ನಕಟ್ಟೆಯಲ್ಲಿ ಬಸ್ಸು ಹತ್ತಿ ಕುಲಶೇಖರದಲ್ಲಿ ಇಳಿದಳು. ಹಿಂದೆ ಸ್ಕೂಟರಿನಲ್ಲಿ ಹೋಗುತ್ತಿದ್ದ ನನ್ನನ್ನು ನೋಡಿ ನಕ್ಕಳು. ಅಪಘಾತದ ನಂತರ ಮೊದಲ ನಗು ಅದು. ನೋಡಿಯೂ ನಾನು ಮಾಡಿದ್ದು —

ಸುರತ್ಕಲ್ಲಿನ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗ ಎಂಜಿನಿಯರ್. ಹುಡುಗನ ಮಾವ ಫೋನಿನಲ್ಲಿ ಮಾತಿಗೆ ಮಾತು ಬಂದಂತೆ, "ನಿಮ್ಮ ತಂಗಿಯನ್ನು ಬೆಂದೂರಿನ ಕ್ಲಿನಿಕ್ಕಿನ ಹತ್ತಿರ ಕಂಡ ಹಾಗಾಯ್ತು. ಯಾರಿಗಾದ್ರೂ ಹುಷಾರಿಲ್ವಾ?" ಎಂದರು. ತಲೆ ಸರಿಯಿಲ್ಲದ ಹುಡುಗಿ ಎಂದುಬಿಟ್ಟರೆ? ಅಮ್ಮನ ಹತ್ತಿರವೂ ಕೇಳಲಿಲ್ಲ. ತೀರ್ಮಾನ ನನ್ನದೇ.

ಅಪಘಾತದಲ್ಲಿ ಅವಳ ಮೊಬೈಲ್ ಕಳೆದುಹೋಗಿತ್ತು. ಕ್ಲಿನಿಕ್ಕಿನಲ್ಲಿದ್ದುದು ನನ್ನ ನಂಬರು. "ಅವಳಿಗೆ ಇನ್ನು ಬರಲು ಮನಸ್ಸಿಲ್ಲ" ಎಂದು ಅಲ್ಲಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಮೇಡಂ ತಾವೇ ಫೋನ್ ಮಾಡಿದರು. "ಈಗ ನಿಲ್ಲಿಸುವುದು ಬೇಡ. ಈ ವಾರವಂತೂ ಬೇಡವೇ ಬೇಡ. ಒಮ್ಮೆ ಅವರ ಹತ್ತಿರ ಮಾತಾಡಬಹುದಾ?" ಅವರ ದನಿಯಲ್ಲಿ ಗಾಬರಿಯಿತ್ತು. ಫೀಸಿನ ಆಸೆಗೆ ಹೇಳುತ್ತಾರೆ ಎಂದುಕೊಂಡೆ. "ಅವಳೇ ಬೇಡ ಅಂದದ್ದು. ದಯವಿಟ್ಟು ಫೋನ್ ಮಾಡಬೇಡಿ" ಎಂದು ಇಟ್ಟುಬಿಟ್ಟೆ.

ಅಡುಗೆಕೋಣೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ತಂಗಿಗೆ ಹೇಳಿದೆ: "ಮೇಡಂ ಫೋನ್ ಮಾಡಿದ್ರು. ನೀನು ಇನ್ನು ಬರುವುದು ಬೇಡವಂತೆ."

ಅವಳು ಕೈ ನಿಲ್ಲಿಸಿದಳು. "ಅವರೇ ಹೇಳಿದ್ದಾ?"

"ಹೌದು ಮಾರಾಯ್ತಿ, ಅವರೇ."

ಅವಳ ಮುಖ ಬೂದಿಯ ಹಾಗಾಯಿತು. ಮತ್ತೇನೂ ಕೇಳಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಮದುವೆಯಾಯಿತು. ಮಗಳು ಹುಟ್ಟಿದಳು. ತಂಗಿ ಮತ್ತೆ ಬಸ್ಸು ಹತ್ತಲೇ ಇಲ್ಲ, ಕಲಿಸುವ ಕೆಲಸಕ್ಕೂ ಹೋಗಲಿಲ್ಲ. ಎಲ್ಲರ ನಡುವೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿದ್ದಳು. ಅವಳ ಸ್ವಭಾವವೇ ಹಾಗೆ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಕಳೆದ ವರ್ಷ ನನ್ನ ಹೋಟೆಲಿನ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಅಡುಗೆಯ ಶೀನಣ್ಣನ ಎರಡೂ ಕೈಗಳು ಸುಟ್ಟವು. ಜೀವ ಉಳಿಯಿತು. ನನಗೆ ಒಂದು ಗೀರು ಗಾಯವೂ ಆಗಲಿಲ್ಲ — ಆದರೆ ಅಂದಿನಿಂದ ಒಲೆ ಹಚ್ಚುವ ಸದ್ದಿಗೆ ನನ್ನ ಮೈ ನಡುಗತೊಡಗಿತು. ನನ್ನದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆವರುತ್ತಿದ್ದೆ. ಧೈರ್ಯ ಮಾಡು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತಿನಿಂದ ಏನೂ ಆಗುವುದಿಲ್ಲ. ಹೆಂಡತಿ ಒತ್ತಾಯ ಮಾಡಿ ಒಬ್ಬ ಯುವ ಥೆರಪಿಸ್ಟ್ ಹತ್ತಿರ ಕಳಿಸಿದಳು.

ಬೆಂಕಿಯ ವಿಷಯ ಹೇಳತೊಡಗಿದಾಗ ಉಸಿರು ಕಟ್ಟಿತು. ಆ ಹುಡುಗ ಅವಸರ ಮಾಡಲಿಲ್ಲ. "ಚಪ್ಪಲಿ ತೆಗೆಯಿರಿ. ಪಾದ ನೆಲಕ್ಕೆ ಒತ್ತಿ. ಈ ರೂಮಿನಲ್ಲಿ ಎಂತೆಲ್ಲ ಉಂಟು, ಒಂದೊಂದೇ ಹೇಳಿ" ಎಂದ.

ನಾನು ಫ್ಯಾನ್ ಎಂದೆ. ಕಿಟಕಿ ಎಂದೆ. ಆಮೇಲೆ ನನ್ನ ಕಣ್ಣೆದುರು ಬಿಕರ್ನಕಟ್ಟೆಯ ಬಸ್‌ಸ್ಟಾಪಿನಲ್ಲಿ ಬರಿಗಾಲಲ್ಲಿ ನಿಂತ ನನ್ನ ತಂಗಿ ಬಂದಳು. ಸಿಡಿಲು ಬಡಿದ ಹಾಗಾಯಿತು. ನನ್ನನ್ನು ಈಗ ಹಿಡಿದು ನಿಲ್ಲಿಸುತ್ತಿರುವುದು ಇದೇ — ಇದನ್ನೇ ನಾನು ಅವಳ ಕೈಯಿಂದ ಕಸಿದುಕೊಂಡದ್ದು. ಅಲ್ಲಿಯೇ ಎಲ್ಲ ಹೇಳಿದೆ. ಅವನು ಬೈಯಲಿ ಎಂದು ಕಾದೆ. "ನಾನು ಬೈದರೆ ನಿಮಗೆ ಹಗುರ ಆಗ್ತದೆ. ಅವರಿಗೆ ಎಂತ ಆಗ್ತದೆ?" ಎಂದು ಮಾತ್ರ ಕೇಳಿದ.

ಸುರತ್ಕಲ್ಲಿಗೆ ಹೋದೆ. ಬಾವ ಕೆಲಸಕ್ಕೆ, ಮಗು ಶಾಲೆಗೆ ಹೋಗಿದ್ದ ಹೊತ್ತು. ತಂಗಿ ಚಾ ತಂದಿಟ್ಟು ಕೂತಳು. ಹೇಳಿದೆ. ಅತ್ತಾಳು, ಕೂಗಾಡಿಯಾಳು ಎಂದುಕೊಂಡಿದ್ದೆ.

"ಮೇಡಂ ಹಾಗೆ ಹೇಳಲೇ ಇಲ್ವಾ?"

"ಇಲ್ಲ."

"ಬರಬೇಡ ಅಂತ ಹೇಳಲೇ ಇಲ್ವಾ ಅಣ್ಣ?"

"ಇಲ್ಲ. ನಿನ್ನನ್ನು ಕಳಿಸಿ ಅಂದಿದ್ರು. ಈ ವಾರವಂತೂ ಬಿಡುವುದು ಬೇಡ ಅಂದಿದ್ರು."

ಅವಳು ಗೋಡೆ ನೋಡುತ್ತಾ ಮಾತಾಡಿದಳು. ಬಸ್ಸು ಮಗುಚಿದಾಗ ಲವೀನಾ ಅವಳ ಕೆಳಗೆ ಸಿಕ್ಕಿಬಿದ್ದಿದ್ದಳಂತೆ. ಜೀವವಿತ್ತು. ಇವಳ ಶಾಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳಂತೆ. ಹೊಗೆ ಬಂತು, ಯಾರೋ ಕಿಟಕಿಯಿಂದ ಕೈ ಚಾಚಿದರು. "ನಾನು ಶಾಲು ಎಳೆದು ಬಿಡಿಸಿಕೊಂಡೆ. ಅವಳ ಮೇಲೆ ಕಾಲಿಟ್ಟು ಹತ್ತಿದೆ. ಅವಳು ನನ್ನ ಹೆಸರು ಕರೆದದ್ದು ಕೇಳಿತು."

ಪ್ರತಿ ದೀಪಾವಳಿಗೆ ನಾನು ತಂದುಕೊಟ್ಟ ಚೂಡಿದಾರದ ಶಾಲನ್ನು ಅವಳು ನಮ್ಮ ಮನೆಯಲ್ಲೇ ಬಿಟ್ಟುಹೋಗುತ್ತಿದ್ದಳು. ಮರೆಗುಳಿ ಎಂದು ನಾನು ನಗುತ್ತಿದ್ದೆ.

"ಇದನ್ನು ಮೇಡಂಗೆ ಮಾತ್ರ ಹೇಳಿದ್ದು. ತಿಂಗಳುಗಟ್ಟಲೆ ಹೇಳಲಿಕ್ಕೆ ಆಗಿರಲಿಲ್ಲ. ಆ ವಾರ ಹೇಳಿದೆ. ಮಾರನೇ ದಿನ ನೀನು ಬಂದು — ಮೇಡಂ ಬರಬೇಡ ಅಂದ್ರು ಅಂದೆ." ಅವಳು ಈಗ ನನ್ನನ್ನು ನೋಡಿದಳು. "ನನಗೆ ಅನಿಸಿತು, ಇಂಥದ್ದು ಕೇಳಿದ ಮೇಲೆ ಯಾರಾದರೂ ಬಾಗಿಲು ಹಾಕಿಯೇ ಹಾಕ್ತಾರೆ ಅಂತ. ಆಮೇಲೆ ಯಾರಿಗೂ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ."

ಎಂಟು ವರ್ಷ. ಬದುಕಿ ಉಳಿಯಲು ಒದ್ದಾಡಿದ ಒಂದು ಹುಡುಗಿಯನ್ನು ನಾನು ಒಂದೇ ಮಾತಿನಿಂದ ಕೊಲೆಗಾರ್ತಿ ಮಾಡಿಟ್ಟಿದ್ದೆ — ಅವಳ ಕಣ್ಣಿನಲ್ಲೇ. ಮೇಡಂ ಯಾಕೆ ಅಷ್ಟು ಗಾಬರಿಯಿಂದ ಫೋನ್ ಮಾಡಿದ್ದರೆಂದು ನನಗೆ ಆಗ ಅರ್ಥವಾಯಿತು. ಚಾ ಆರಿತು.

"ನೀನೀಗ ಹೋಗು ಅಣ್ಣ" ಎಂದಳು.

ಅವಳು ಮತ್ತೆ ಬೆಂದೂರಿಗೆ ಹೋಗುತ್ತಿದ್ದಾಳೆ. ಬಾವನಿಗೆ ತಾನೇ ಹೇಳಿದಳಂತೆ. ಅವರು ರಜೆ ಹಾಕಿ ಜೊತೆಗೆ ಹೋಗುತ್ತಾರೆ. ಮೇಡಂ ಅವಳನ್ನು ಮರೆತಿರಲಿಲ್ಲ ಎಂಬುದೊಂದನ್ನು ಬಿಟ್ಟು ಮತ್ತೇನನ್ನೂ ನನಗೆ ತಿಳಿಸಿಲ್ಲ. ನಾನು ಕೇಳುವುದೂ ಇಲ್ಲ. ನನ್ನ ನಡುಕ ಎಷ್ಟೋ ಕಡಿಮೆಯಾಗಿದೆ, ಒಲೆಯ ಹತ್ತಿರ ನಿಲ್ಲಬಲ್ಲೆ. ನನಗೆ ಕೆಲವೇ ತಿಂಗಳಲ್ಲಿ ಸಿಕ್ಕಿದ್ದು ಅವಳಿಗೆ ಎಂದೋ ಸಿಗಬೇಕಿತ್ತು ಎಂಬ ಲೆಕ್ಕ ಮಾತ್ರ ಕಡಿಮೆಯಾಗುವುದಿಲ್ಲ.

ಮೊನ್ನೆ ಮನೆಯಲ್ಲಿ ಅಪ್ಪನ ತಿಥಿ. ಊಟಕ್ಕೆ ಕೂತಾಗ ದೊಡ್ಡಮ್ಮ ಎಲ್ಲರೆದುರು ಕೇಳಿದರು, "ಸುಪ್ರೀತಾ, ಶನಿವಾರ ಫೋನ್ ಮಾಡಿದ್ರೆ ನೀನು ಎತ್ತುವುದೇ ಇಲ್ಲ. ಎಲ್ಲಿಗೆ ಹೋಗುವುದು?"

ನಾನು ಬಾಯಿ ತೆರೆದಿದ್ದೆ. ದೇವಸ್ಥಾನಕ್ಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಿತ್ತು — ಯೋಚಿಸದೆ, ತಡೆಯಿಲ್ಲದೆ, ಇಷ್ಟೆಲ್ಲ ಆದ ಮೇಲೆಯೂ. ತಂಗಿ ನನ್ನ ತೆರೆದ ಬಾಯನ್ನು ನೋಡಿದಳು.

"ಥೆರಪಿಗೆ ದೊಡ್ಡಮ್ಮ" ಎಂದಳು. "ಬಸ್ಸಿನದ್ದು ಇನ್ನೂ ಉಂಟು ನನಗೆ."

ನಾನು ಬಾಯಿ ಮುಚ್ಚಿಕೊಂಡೆ.